ನಲವತ್ತೊಂದಾದ ಮೇಲೆ

ಬೇಳೆ ತಳ ಹಿಡಿಯುತ್ತಿದೆ, ಹೌದು, ಅದೇ ವಾಸನೆ, ಇನ್ನೂ ಸುಟ್ಟಿಲ್ಲ, ಸುಡಲು ಮನಸ್ಸು ಮಾಡುತ್ತಿದೆ, ಒಲೆ ಸಣ್ಣಗೆ ಮಾಡಿಯೇ ಬಂದಿದ್ದೆ, ಮಾಡಿದ್ದೆನೇ — ಕರ್ತನೇ ಕರುಣಿಸು — ಅಥವಾ ಅದು ನಿನ್ನೆಯೋ, ನಿನ್ನೆಯೂ ಬೇಳೆಯೇ, ಈಸ್ಟರ್ ಮುಂಚಿನ ದೊಡ್ಡ ಉಪವಾಸ ಮುಗಿಯುವವರೆಗೂ ಬೇಳೆಯೇ, ಎದುರಿಗೆ ಪೂರ್ವದ ಗೋಡೆ, ಗೋಡೆಯ ಮೇಲೆ ಕುದುರೆಯೇರಿದ ಸಂತ ಮಾರ್ ಗಿರ್ಗಿಸ್, ಪಟದ ಗಾಜು ಒರೆಸದೆ ಎಷ್ಟು ದಿನವಾಯಿತೋ, ಪಕ್ಕದಲ್ಲಿ ಗಂಡ ನಸೀಫ್ ನಿಂತೇ ತೂಕಡಿಸುತ್ತಿದ್ದಾನೆ, ಮಧ್ಯಾಹ್ನದವರೆಗೆ ಶಾಲೆಯ ಮೇಷ್ಟ್ರು, ಈಗ ಆಮೆನ್ ಆದ ತಕ್ಷಣ ಮನೆಪಾಠ ಹೇಳಲು ಓಡಬೇಕು, ಮಗಳು ವೆರೀನಾ ಒಂದು ಕಾಲಿನ ಮೇಲೆ ನಿಂತು ಇನ್ನೊಂದರಿಂದ ಮೀನಖಂಡ ಕೆರೆದುಕೊಳ್ಳುತ್ತಿದ್ದಾಳೆ, ಮೇಲಿನ ಮನೆಯಲ್ಲಿ ಅವಳ ಚಿಕ್ಕಪ್ಪನ ಮಕ್ಕಳು ಆಗಲೇ ದಡಬಡ ಶುರು ಮಾಡಿದ್ದಾರೆ, ಕಿಟಕಿಯ ಪಕ್ಕ ಬೀರುವಿಗೆ ಬೆನ್ನು ಕೊಟ್ಟು ಮಾವ, ಫಾನೂಸ್ ಮಾವ, ಎಪ್ಪತ್ತೆಂಟು ವರ್ಷ, ಸಂಜೆಯ ಪ್ರಾರ್ಥನೆಯ ಯಜಮಾನ, ಅವರು ಒಮ್ಮೆ ಕರ್ತನೇ ಕರುಣಿಸು ಅನ್ನುತ್ತಾರೆ, ನಾವು ಒಮ್ಮೆ ಅನ್ನುತ್ತೇವೆ, ಹೀಗೆ ನಲವತ್ತೊಂದು ಸಲ, ಈಜಿಪ್ಟಿನ ನಮ್ಮ ಕಾಪ್ಟಿಕ್ ಕ್ರೈಸ್ತ ಜನ ಎಲ್ಲ ಕಡೆ ಅಷ್ಟೇ ಸಲ ಹೇಳುವುದು, ಮಲ್ಲವಿ ಊರಿನ ಈ ಮನೆಯೊಂದನ್ನು ಬಿಟ್ಟು. ಅವರ ಲೆಕ್ಕ ಬೆರಳಿನದು, ಹೆಬ್ಬೆರಳು ನಾಲ್ಕು ಬೆರಳುಗಳ ಹನ್ನೆರಡು ಗೆಣ್ಣುಗಳನ್ನು ಮುಟ್ಟುತ್ತಾ ಹೋಗುತ್ತದೆ, ಮೂರು ಸುತ್ತಿಗೆ ಮೂವತ್ತಾರು, ಆಮೇಲೆ ಐದು ಬೆರಳೂ ಒಂದೊಂದಾಗಿ ಮಡಚಿ ಮುಷ್ಟಿಯಾದರೆ ನಲವತ್ತೊಂದು, ಆಮೆನ್, ಎಷ್ಟು ಸುಲಭ, ಮೂವತ್ತು ವರ್ಷ ರೈಲ್ವೆ ಸಿಗ್ನಲ್ ನೋಡಿಕೊಂಡ ಮನುಷ್ಯ, ಒಂದು ಗಾಡಿಯನ್ನೂ ತಪ್ಪು ಹಳಿಗೆ ಬಿಡಲಿಲ್ಲವಂತೆ, ಅತ್ತೆ ತೀರಿಕೊಂಡ ಈ ನಾಲ್ಕು ತಿಂಗಳಲ್ಲಿ ಅದೇ ಮನುಷ್ಯನ ಲೆಕ್ಕ ಐವತ್ತಕ್ಕೆ ಹೋಗುತ್ತದೆ, ಅರವತ್ತಕ್ಕೆ ಹೋಗುತ್ತದೆ, ಹೋದ ವಾರ ವೆರೀನಾ ಬಾಯಿ ತಡೆಯದೆ ತಾತಾ ಇದು ಎಂಬತ್ತೇಳನೇದು, ದೇವರಿಗೇ ಬೇಜಾರಾಗಿರತ್ತೆ ಅಂದುಬಿಟ್ಟಳು, ನಾನು ಅವಳ ತೋಳು ಹಿಂಡಿದೆ, ಹಿಂಡುತ್ತಾ ಒಳಗೊಳಗೇ ಹೌದು ಕಣೇ ಅಂದೆ, ಮಾವ ಮಾತ್ರ ಏನೂ ಕೇಳಿಸದವರಂತೆ ಮುಂದಿನದನ್ನು ಹೇಳಿದರು.

ಹದಿನೇಳು, ಹದಿನೆಂಟು, ಈ ಸಂಜೆ ಲೆಕ್ಕ ನನ್ನದು, ಏಪ್ರನ್ನಿನ ಜೇಬಿನಲ್ಲಿ ಮಣಿಸರ, ಸರಿಯಾಗಿ ನಲವತ್ತೊಂದು ಮಣಿ, ನಸೀಫ್ ಮಠದ ಅಂಗಡಿಯಿಂದ ತಂದು ಅಪ್ಪನ ಕೈಗಿಟ್ಟರೆ ಅಪ್ಪ ಅದನ್ನು ಮೂಸಿಯೂ ನೋಡದೆ ನನ್ನ ಬೆರಳೇನೂ ಉದುರಿ ಹೋಗಿಲ್ಲ ಕಣೋ ಅಂದು ಹಿಂದಕ್ಕೆ ಕೊಟ್ಟರು, ಆಗ ನಸೀಫ್ ಅಡುಗೆಮನೆಗೆ ಬಂದು ಪಿಸುಗುಟ್ಟಿದ, ದಮ್ಯಾನಾ, ನೀನೇ ಎಣಿಸು, ನಲವತ್ತೊಂದಾದ ತಕ್ಷಣ ಜೋರಾಗಿ ಆಮೆನ್ ಅಂದ್ಬಿಡು, ನಾವೂ ದನಿ ಸೇರಿಸ್ತೀವಿ, ಮುಗೀತು, ನಾನೇ ಯಾಕೆ, ನೀನು ಅವರ ಮಗ ಅಂದೆ, ಅದಕ್ಕೇ ಕಣೇ, ನಾನು ಹೇಳಿದ್ರೆ ಅವಮಾನ ಆಗತ್ತೆ ಅವರಿಗೆ ಅಂದ, ಆಹಾ, ಸೊಸೆ ಬಾಯಿ ಮುಚ್ಚಿಸಿದರೆ ಸನ್ಮಾನವೇ — ಕರ್ತನೇ ಕರುಣಿಸು — ಇಪ್ಪತ್ಮೂರು, ಕಾಲು ಬಿದ್ದುಹೋಗುತ್ತಿದೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿಯ ಹಿಟ್ಟು ಬಿಸಿಲಿಗಿಟ್ಟು ಉಬ್ಬಿಸಲು ಕಲಸಿದವಳು ನಾನು, ಇದಕ್ಕೆ ಮೊದಲು ಕೃತಜ್ಞತೆಯ ಪ್ರಾರ್ಥನೆ ಬೇರೆ, ಅದರ ಕೊನೆಗೆ ಒಬ್ಬೊಬ್ಬರೂ ಆ ದಿನದ ಒಂದು ಉಪಕಾರ ನೆನೆಯಬೇಕು, ಅದು ಅತ್ತೆಯ ಕಟ್ಟಳೆ, ನಾನು ನಲ್ಲಿಯಲ್ಲಿ ನೀರು ಬಂತು ಅಂದೆ, ವೆರೀನಾ ಗಣಿತದ ಮೇಡಂ ಬರಲಿಲ್ಲ ಅಂದಳು, ನಸೀಫ್ ಎಂದಿನಂತೆ ಎಲ್ಲದಕ್ಕೂ ಅಂತ ತಿಪ್ಪೆ ಸಾರಿಸಿದ, ಮಾವ ನಾಲ್ಕು ಜನ ಇದ್ದೀವಿ ಅಂದರು, ದಿನಾ ಅದೇ, ನಾಲ್ಕು ಜನ ಇದ್ದೀವಿ, ಬೇರೆ ಏನಾದರೂ ಹುಡುಕಬಾರದೇ, ನನಗೆ ಕೃತಜ್ಞತೆ ಬರುವುದಿಲ್ಲ, ನಿಜ ಹೇಳುತ್ತೇನೆ, ಬಾಯಲ್ಲಿ ಬರುತ್ತದೆ, ಒಳಗೆ ಬೇಳೆ, ರೊಟ್ಟಿ, ನೆನೆಸಿಟ್ಟ ಬಟ್ಟೆ, ಅತ್ತೆ ಇದ್ದಾಗ ಹೀಗಿರಲಿಲ್ಲ, ಆಮೆನ್ ಆದರೆ ಆಕೆ ಗಿಡ್ಡ ಮೇಜು ಎಳೆದು ಎಲ್ಲರನ್ನೂ ಸುತ್ತ ಕೂರಿಸುತ್ತಿದ್ದರು, ಏಳಲು ಹೋದವರ ಅಂಗಿ ಹಿಡಿದೆಳೆದು ಕೂರಿಸುತ್ತಿದ್ದರು, ಈಗ ಯಾರ ಊಟ ಯಾವಾಗಲೋ. ನಿನ್ನೆ ಮಾವನಿಗೆ ಬಟ್ಟಲು ಇಟ್ಟು ತಿರುಗಿದಾಗ ದಮ್ಯಾನಾ, ನೀನೂ ಕೂತ್ಕೊಳ್ಳಮ್ಮಾ, ಒಟ್ಟಿಗೆ ತಿನ್ನೋಣ ಅಂದರು, ನೀವು ತಿನ್ನಿ ಮಾವ, ನಂಗೆ ಕೆಲಸ ಇದೆ ಅಂದೆ, ಇದ್ದದ್ದು ನಿಜ.

ಮೂವತ್ತೈದು, ಮೂವತ್ತಾರು, ಈಗ ವಾಸನೆ ಗಟ್ಟಿಯಾಗಿದೆ, ಇನ್ನು ಐದು, ಒಂದು ಆಮೆನ್ ತಾನೇ, ಆದರೂ ಅಂದುಬಿಟ್ಟರೆ ಮೊಮ್ಮಗಳ ಎದುರಿಗೆ ಅಜ್ಜನಿಗೆ ಲೆಕ್ಕ ಬರುವುದಿಲ್ಲ ಅಂತ ಸಾರಿದ ಹಾಗೆ, ನಾಳೆಯಿಂದ ಅವರು ಮುಂದೆ ನಿಲ್ಲಲಾರರು, ನನಗೆ ಗೊತ್ತು, ಮೂವತ್ತೆಂಟು, ಮೂವತ್ತೊಂಬತ್ತು, ಈ ಮನೆಯಲ್ಲಿ ಅವರ ಪಾಲಿಗೆ ಉಳಿದಿರುವ ಕೆಲಸ ಇದೊಂದೇ, ಆದರೂ ನನ್ನ ಕಾಲು, ನನ್ನ ಬೇಳೆ — ನಲವತ್ತು — ಪಾಪ ಎಲ್ಲಿ ಕಳೆದುಹೋಗಿದ್ದಾರೋ ನೋಡೋಣ, ಯಾವ ಗೆಣ್ಣಿನಲ್ಲಿ, ನಾನು ತಲೆ ತಿರುಗಿಸುತ್ತೇನೆ, ಕೊನೆಯ ಮಣಿ ನನ್ನ ಬೆರಳಿಗೆ ಬರುತ್ತದೆ, ಅದೇ ಗಳಿಗೆಗೆ ಮಾವನ ಕೊನೆಯ ಬೆರಳು ಮಡಚಿಕೊಳ್ಳುತ್ತದೆ, ಮುಷ್ಟಿ, ಪೂರ್ತಿ ಮುಷ್ಟಿ, ನಲವತ್ತೊಂದು, ಒಂದೂ ತಪ್ಪಿಲ್ಲ. ಕರ್ತನೇ ಕರುಣಿಸು, ಅನ್ನುತ್ತಾರೆ ಮಾವ. ಮತ್ತೆ, ಕರ್ತನೇ ಕರುಣಿಸು, ಬೆರಳು ಬಿಚ್ಚುವುದಿಲ್ಲ, ಎಣಿಸುತ್ತಲೇ ಇಲ್ಲ, ಪಟದ ಕಡೆಗೂ ನೋಡುತ್ತಿಲ್ಲ, ತೂಕಡಿಸುವ ಮಗನನ್ನು ನೋಡುತ್ತಾರೆ, ಕೆರೆದುಕೊಳ್ಳುವ ಮೊಮ್ಮಗಳನ್ನು ನೋಡುತ್ತಾರೆ, ಮುಖ ತುಂಬ ನಗು, ಈ ನಗುವನ್ನು ನಾಲ್ಕು ತಿಂಗಳಿಂದ ನಾನು ಕಂಡಿಲ್ಲ, ಕಾಣುವುದೆಲ್ಲಿ, ಕಣ್ಣು ಮುಚ್ಚಿಕೊಂಡು ಬೇಳೆಯ ಚಿಂತೆ ಮಾಡುತ್ತಿದ್ದೆ, ಕಳ್ಳ, ಮುದುಕ ಕಳ್ಳ, ಕರ್ತನ ಹೆಸರಿನಲ್ಲಿ ನಮ್ಮನ್ನೆಲ್ಲ ಇಲ್ಲಿ ಕಟ್ಟಿಹಾಕಿ ನಿಲ್ಲಿಸಿಕೊಂಡಿದ್ದಾರೆ, ಕೂತ್ಕೊಳ್ಳಿ ಅಂತ ಬಾಯಿಬಿಟ್ಟು ಹೇಳಬಾರದಾ, ಹೇಳಿದ್ದರಲ್ಲ, ಹೇಳಿದ್ದರು, ಸಿಟ್ಟು ನೆತ್ತಿಗೇರುತ್ತಿದೆ, ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ, ಇದರ ನಡುವೆ ಹಾಳಾದ್ದು ಖುಷಿಯೂ ಆಗುತ್ತಿದೆ, ಅವರ ತಲೆ ಸರಿಯಾಗಿದೆ, ನಮ್ಮನ್ನು ನೋಡಿ ಹೀಗೆ ನಗಲು ಒಬ್ಬರಿದ್ದಾರೆ. ನಸೀಫ್‌ನ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತದೆ, ಹೇಳೇ, ಆಯ್ತಲ್ಲ ಅನ್ನುವಂತೆ, ಹೇಳಿದರೆ ಇವನು ಚೀಲ ಎತ್ತಿಕೊಂಡು ಓಡುತ್ತಾನೆ, ವೆರೀನಾ ಮೆಟ್ಟಿಲು ಹತ್ತುತ್ತಾಳೆ, ನಾನು ಒಲೆಗೆ, ಮಾವ ತಮ್ಮ ಒಂಟಿ ಬಟ್ಟಲಿಗೆ, ಮಾವನ ಕಣ್ಣು ಈಗ ನನ್ನ ಮೇಲೆ ಬಂದು ನಿಂತಿದೆ, ನಾನು ಅವರ ಕೈ ನೋಡುತ್ತಿರುವುದನ್ನು ಕಂಡುಬಿಟ್ಟರು, ನಗು ಮುದುಡಿತು, ಕೈ ಮೆಲ್ಲಗೆ ಬೆನ್ನ ಹಿಂದೆ ಸರಿಯುತ್ತಿದೆ, ಬೇಡ, ಬಚ್ಚಿಡಬೇಡಿ ಮಾವ, ಬೇಳೆ ಸುಟ್ಟರೆ ಸುಡಲಿ, ಕರ್ತನೇ ಕರುಣಿಸು, ಇದು ನನ್ನ ದನಿ, ಅವರಿಗಿಂತ ಮೊದಲೇ, ಅವರಿಗಿಂತ ಜೋರಾಗಿ, ನಸೀಫ್ ಬಾಯಿ ಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಾನೆ, ನೋಡಲಿ, ಕರ್ತನೇ ಕರುಣಿಸು, ಎಷ್ಟನೆಯದೋ, ಕೈ ಬೆನ್ನ ಹಿಂದಿನಿಂದ ಈಚೆ ಬಂತು, ಮುಷ್ಟಿ ಹಾಗೇ ಇದೆ, ಮುದಿ ಬೆರಳುಗಳ ಮುಷ್ಟಿ, ಬಿಗಿಯಾಗಿ, ಒಳಗೆ ಏನೋ ಇರುವ ಹಾಗೆ, ಮುಷ್ಟಿ —