ಟೊಳ್ಳು ಕೇಳುವ ಕಿವಿ

ಮೇಸ್ತ್ರಿ ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟನ್ನು ಮಾತಾಡಿಸಿ ಆಮೇಲೆ ಮನುಷ್ಯರನ್ನು ಮಾತಾಡಿಸುತ್ತಿದ್ದರು. ಬಲಗೈ ನಡುಬೆರಳನ್ನು ಮಡಚಿ, ಗೆಣ್ಣಿನಿಂದ ಎರಡು ಸಲ ತಟ್ಟಿ, ಕತ್ತು ಓರೆ ಮಾಡಿ, ಕಣ್ಣು ಅರೆಮುಚ್ಚಿ, ಮರದ ಅಂತರಂಗದಿಂದ ಬಂದ ಉತ್ತರವನ್ನು ಆಲಿಸಿ, ‘ಗಟ್ಟಿ’ ಎಂದೋ ‘ಟೊಳ್ಳು’ ಎಂದೋ ತೀರ್ಪು ಕೊಟ್ಟ ಮೇಲೆಯೇ ಕುರ್ಚಿಯ ಕಡೆ ತಿರುಗುವುದು. ಆ ಕುರ್ಚಿಗೂ ಕೂರುವ ಮುನ್ನ ಒಂದು ಏಟು ತಪ್ಪುತ್ತಿರಲಿಲ್ಲ. ಮಗನಿಗೆ ಹೆಣ್ಣು ನೋಡಲು ಹೋದಾಗ ಬೀಗರ ಊಟದ ಮೇಜನ್ನು ತಟ್ಟಿ, “ಮೇಜು ಟೊಳ್ಳು, ಜನ ಗಟ್ಟಿ” ಎಂದು ಸಂಬಂಧಕ್ಕೆ ಒಪ್ಪಿಗೆ ಕೊಟ್ಟ ಪುಣ್ಯಾತ್ಮ ಅವರು.

ನಲವತ್ತು ವರ್ಷ ಮರಗೆಲಸ ಮಾಡಿದ ದೇಹ; ಸಲಕರಣೆಯ ಪೆಟ್ಟಿಗೆ ಹೊತ್ತೂ ಹೊತ್ತೂ ಬಲಭುಜ ಇಳಿದು, ನಡೆಯುವಾಗ ಇಡೀ ಆಳು ಬಲಕ್ಕೆ ವಾಲುತ್ತಿತ್ತು. ತೋಳಿಲ್ಲದ ಹಳೆಯ ಕೋಟೊಂದನ್ನು ಬೇಸಗೆಯಲ್ಲೂ ಬಿಟ್ಟವರಲ್ಲ. ಮನೆಯ ನಡುಕೋಣೆಯಲ್ಲಿ ಅವರ ಯೌವನದ ಕೃತಿಯಾದ ಬೀರು ನಿಂತಿತ್ತು. ಕೆಲಸ ಕೊಡಲು ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, “ಇದನ್ನ ನೋಡಿ, ಆಮೇಲೆ ಮಾತಾಡಿ” ಎನ್ನುತ್ತಿದ್ದರು. ಆದರೆ ಗರಗಸದ ಯಂತ್ರ ಅವರ ಕಿವಿಯನ್ನು ವರ್ಷವರ್ಷವೂ ಇಷ್ಟಿಷ್ಟೇ ತಿಂದು ಹಾಕಿತ್ತು. ಮನೆಮಂದಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಅವರೊಬ್ಬರೇ ಒಪ್ಪಿರಲಿಲ್ಲ. ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ ಎಂಬುದು ಅವರ ವಾದ.

ಬೀರುವಿನ ಹಿಂದಿನ ಗೋಡೆಯಲ್ಲಿ ಮಣ್ಣಿನ ಗೆರೆಯೊಂದು ಏರುತ್ತಿರುವುದನ್ನು ಸೊಸೆ ಕಂಡಳು. ಗೆದ್ದಲು! ಮೇಸ್ತ್ರಿ ಬೀರುವನ್ನು ತಟ್ಟಿ ‘ಗಟ್ಟಿ’ ಎಂದರು. ಗೆರೆ ಮಾತ್ರ ವಾರಕ್ಕೊಂದು ಗೇಣು ಏರಿತು.

“ಗೆದ್ದಲಿಗೆ ಔಷಧ ಹೊಡೆಯೋ ಕಂಪನಿಯವರನ್ನ ಕರೆಸ್ತೀನಿ ಮಾವ.”

“ನಾನಿನ್ನೂ ಬದುಕಿದೀನಮ್ಮ. ನನ್ನ ಮರ ನೋಡೋಕೆ ಹೊರಗಿನವ್ರು ಬೇಕಾ?”

“ಕರೆಸೋದಷ್ಟೇ ನಾನು. ಆರಿಸೋದು ನೀವೇ.”

ಜಾಣೆ! ಮುದುಕರಿಗೆ ಮೂಗುದಾರ ಹಾಕುವುದಾದರೆ ಹೀಗೆ ಹಾಕಬೇಕು.

ಮೊದಲನೆಯವನು ಮನೆಯನ್ನು ಕಣ್ಣಿಂದಲೂ ನೋಡದೆ, ಕೋಣೆ ಎಷ್ಟೆಂದು ಫೋನಿನಲ್ಲೇ ಕೇಳಿ ದರ ಹೇಳಿದ. ಅವನ ಕಥೆ ಅಲ್ಲಿಗೇ ಮುಗಿಯಿತು. ಎರಡನೆಯವನು ಹೊಸ್ತಿಲಲ್ಲೇ ಔಷಧದ ಡಬ್ಬಿಗೆ ಗಾಳಿ ಹೊಡೆಯತೊಡಗಿದ. ಮೂರನೆಯವನು ಕುಸಿದ ಮನೆಗಳ ಚಿತ್ರ ತೋರಿಸಿ ಹೆದರಿಸಿ, ಜೀವಮಾನದ ಗ್ಯಾರಂಟಿ ಕೊಡುತ್ತೇನೆಂದ. “ಯಾರ ಜೀವಮಾನ? ನಂದೋ, ನಿಂದೋ, ಹುಳದ್ದೋ?” ಎಂದು ಕೇಳಿ ಮೇಸ್ತ್ರಿ ಅವನನ್ನೂ ಸಾಗಹಾಕಿದರು. ಮೂವರನ್ನು ಓಡಿಸಿದ ಉತ್ಸಾಹದಲ್ಲಿ ಅಂದು ಎರಡು ತುತ್ತು ಹೆಚ್ಚೇ ಉಂಡರು.

ನಾಲ್ಕನೆಯ ಕಂಪನಿಯಿಂದ ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಔಷಧದ ಡಬ್ಬಿಯನ್ನು ಹೊರಗೇ ಬಿಟ್ಟು, ಸ್ಕ್ರೂಡ್ರೈವರ್ ಒಂದನ್ನೇ ಹಿಡಿದು ಒಳಬಂದಳು. ಅದರ ಹಿಡಿಯಿಂದ ಚೌಕಟ್ಟನ್ನು ಎರಡು ಸಲ ತಟ್ಟಿದಳು. ಕತ್ತು ಓರೆಯಾಯಿತು, ಕಣ್ಣು ಅರೆಮುಚ್ಚಿತು. ಮೇಸ್ತ್ರಿಗೆ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು. ಅಡುಗೆಮನೆಗೆ ಕಾಲಿಟ್ಟ ಸವತಿ ಹುಡುಕದೆಯೇ ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಮೊದಲ ಹೆಂಡತಿಗೆ ಹೇಗಾದೀತೋ, ಹಾಗೆ.

ಆಮೇಲೆ ಬೀರುವನ್ನೂ ಹಾಗೆಯೇ ತಟ್ಟಿ ನೋಡಿ ಹೇಳಿದಳು: “ನಡುವಿನ ಹಲಗೆ ಟೊಳ್ಳಾಗಿದೆ ಸರ್.”

“ಟೊಳ್ಳು ನಿನ್ನ ತಲೆ!” ಮೇಸ್ತ್ರಿ ತಟ್ಟಿದರು. “ಗಟ್ಟಿ.”

ಅವಳು ವಾದಿಸಲಿಲ್ಲ. ಸೊಸೆ ನೆಲ ನೋಡುತ್ತಾ ನಿಂತಳು. ವಾದಿಸಿದ್ದರೆ ಗೆಲ್ಲಬಹುದಿತ್ತು, ಈ ಮೌನವನ್ನು ಏನು ಮಾಡುವುದು? ಮೇಸ್ತ್ರಿ ಪರೀಕ್ಷೆ ಹೂಡಿದರು. ಅವಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ತಾವು ತಟ್ಟುವ ಜಾಗ ಎಂಥದ್ದೆಂದು ಶಬ್ದದಿಂದಲೇ ಹೇಳಬೇಕು. ತಾವೇ ಕಡೆದ ಬೀರು. ಯಾವ ಹಲಗೆಯ ಬೆನ್ನಿಗೆ ಏನಿದೆಯೆಂದು ಅವರಿಗೆ ನಿದ್ದೆಯಲ್ಲೂ ಗೊತ್ತು.

“ಇಲ್ಲಿ ಹಿಂದೆ ಅಡ್ಡಪಟ್ಟಿ ಇದೆ.” ಸರಿ. “ಇದು ಕೂಡಿಕೆ.” ಅದೂ ಸರಿ. “ಇಲ್ಲಿ ಗಂಟಿರಬೇಕು.” ಇತ್ತು, ಹಾಳಾಗಿ ಹೋಗಲಿ, ಇತ್ತು! ಒಂದಾದರೂ ತಪ್ಪಲೆಂದು ಅವರು ಮನಸ್ಸಿನಲ್ಲೇ ಹರಕೆ ಹೊತ್ತರು. ಕೊನೆಗೆ ನಡುವಿನ ಹಲಗೆಯನ್ನು ತಟ್ಟಿದರು.

“ಟೊಳ್ಳು.”

ಅವಳ ಸುಳ್ಳನ್ನು ಬಯಲು ಮಾಡಲೆಂದು ಮೇಸ್ತ್ರಿ ಹೆಬ್ಬೆರಳನ್ನು ಒತ್ತಿದರು. ಬಣ್ಣದ ಪದರ ಹರಿದು ಬೆರಳು ಬುಡದವರೆಗೂ ಒಳಗಿಳಿಯಿತು.

ಬೆರಳನ್ನು ಹೊರಗೆಳೆದು ಕೋಟಿಗೆ ಒರೆಸಿಕೊಳ್ಳುತ್ತಾ ಕೇಳಿದರು: “ನಿಮ್ಮಪ್ಪ ಬಡಗಿನಾ?”

“ಅಲ್ಲ ಸರ್. ಬಸ್ ಡ್ರೈವರು.”

ವಂಶದಿಂದ ಬಂದ ವಿದ್ಯೆಯಾಗಿದ್ದರೆ ಹೇಗೋ ಸಹಿಸಬಹುದಿತ್ತು. “ಎಷ್ಟು ದಿನ ಹಿಡೀತು ಕಲಿಯೋಕೆ?”

“ಎರಡು ವರ್ಷ. ಬಡಿದೂ ಬಡಿದೂ ಬಂತು.”

ಮೇಸ್ತ್ರಿಗೆ ಹನ್ನೊಂದು ವರ್ಷ ಹಿಡಿದಿತ್ತು.

“ಔಷಧ ನಾವು ಹಾಕ್ತೀವಿ,” ಎಂದಳು ಅವಳು. “ಎರಡು ಹಲಗೆ ಬದಲಾಯಿಸಿದ್ರೆ ಸಾಕು, ಬೀರು ಉಳಿಯುತ್ತೆ. ಉಳಿದ ಕೋಣೆಗಳಿಗೆ ಈಗ ಏನೂ ಬೇಡ, ಸುಮ್ನೆ ಖರ್ಚು.”

ಬೇಡ ಎನ್ನಲೂ ಬಲ್ಲವಳು! ಕುಂದು ಹುಡುಕಲು ಹೊರಟ ಮೇಸ್ತ್ರಿಗೆ ಅಲ್ಲಿಯೂ ಹುಳುಕು ಸಿಗಲಿಲ್ಲ. “ತಟ್ಟೋದು ಸ್ವಲ್ಪ ಜೋರಾಯ್ತು” ಎಂದು ಗೊಣಗಿದರು. ಹಾಗೆ ಗೊಣಗುತ್ತಲೇ ಸೊಸೆಗೆ, “ಇವಳಿಗೇ ಕೊಡು ಕೆಲಸ” ಎಂದರು. ಹೊರಟವಳನ್ನು ಬಾಗಿಲಲ್ಲಿ ತಡೆದು, ಸೊಸೆಯ ಮುಂದೆಯೂ ಎಂದೂ ಆಡದ ಮಾತನ್ನು ಆಡಿದರು.

“ನಂಗೆ ಕೇಳಿಸ್ಲಿಲ್ಲಮ್ಮ. ಗಟ್ಟಿ ಅಂದ್ನಲ್ಲ, ಏನೂ ಕೇಳಿಸ್ದೇನೇ ಅಂದೆ. ಎಷ್ಟೋ ದಿನದಿಂದ ಹಾಗೇ ಅಂತಿದೀನಿ.”

ಆಮೇಲೆ ಬೀದಿಯವರು ಯಾವ ಕಂಪನಿ ಒಳ್ಳೆಯದೆಂದು ಕೇಳಲು ಬಂದಾಗ ಮೇಸ್ತ್ರಿ ಅವಳ ನಂಬರು ಕೊಡುತ್ತಿದ್ದರು, ಕೊಟ್ಟ ಮೇಲೆ ದಿನವಿಡೀ ಸಿಡುಕುತ್ತಿದ್ದರು. ಕೈಯನ್ನೇ ನಂಬಿ ಬಾಳಿದ ಈ ಜಾತಿಯ ಜನರಿಗೆ ಹೊಗಳುವ ನಾಲಗೆಯನ್ನು ದೇವರು ಕೊಟ್ಟಿಲ್ಲ. ಕಸುಬು ಬಾರದವರನ್ನು ಕಂಡರೆ ಅವರು ನಗುತ್ತಾರೆ, ಅರೆಬರೆ ಬಲ್ಲವರನ್ನು ಬೆನ್ನು ತಟ್ಟಿ ಕಳಿಸುತ್ತಾರೆ. ಅವರ ಹೊಟ್ಟೆ ಉರಿಯುವುದು ತಮ್ಮ ಜಾಗಕ್ಕೆ ತಕ್ಕವರು ಬಂದಾಗ ಮಾತ್ರ. ಆ ಉರಿಯನ್ನು ನುಂಗಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರಲ್ಲ, ಅವರ ಬಾಯಿಂದ ಬರುವ ಪ್ರಶಸ್ತಿ ಅದೊಂದೇ.