ಭಾವನ ಒಟಿಪಿ

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಹಿಂದಿರುವ ಶೇಖರನ ಆನ್‌ಲೈನ್ ಅಂಗಡಿಯನ್ನು ಅಂಗಡಿ ಅನ್ನುವುದಕ್ಕಿಂತ ಸಂದಿ ಅನ್ನುವುದು ನ್ಯಾಯ. ಹಿಂದಿನವರು ಸರಿಯದೆ ಮುಂದಿನವರು ಹೊರಬೀಳುವಂತಿರಲಿಲ್ಲ. ಅದರ ತುದಿಯಲ್ಲಿ, ಪ್ರಿಂಟರಿಗೂ ಗೋಡೆಗೂ ನಡುವೆ, ಬಳ್ಳಾರಿಯ ಶ್ರೀಕೃತಿ ಸ್ಟೂಲಿನ ಮೇಲೆ ಸಿಕ್ಕಿಕೊಂಡಿದ್ದಳು. ಕಾಲೇಜಿನಲ್ಲಿ ಅವಳದು ಡಿಸೈನ್ ಥಿಂಕಿಂಗ್ ಪಾಠ. ಆನ್‌ಲೈನ್ ಸೇವೆ ಬಳಸುವ ಜನ ಎಲ್ಲಿ ಎಡವುತ್ತಾರೆಂದು ನೋಡಿ ಬರಬೇಕು. "ನೀನು ಬಾಯಿ ಬಿಟ್ಟರೆ ಅವರು ಎಡವೋದಿಲ್ಲ, ನಿನಗೆ ಪಾಠವೂ ಆಗೋದಿಲ್ಲ," ಎಂದು ಮೇಷ್ಟ್ರು ವಿಶ್ವಪ್ರಿಯ ಹೇಳಿ ಕಳಿಸಿದ್ದರು.

ಸದ್ಯ ಎಡವುತ್ತಿದ್ದವಳು ಸಿರಿಗೇರಿಯ ವಿರೂಪಮ್ಮ. ಅಂಗನವಾಡಿ ಸಹಾಯಕಿ ಕೆಲಸದ ಅರ್ಜಿಗೆ ಇವತ್ತೇ ಕಡೇ ದಿನ. ಉಳಿದದ್ದು ಒಂದು ಒಟಿಪಿ, ಅದರ ಬೆನ್ನಿಗೇ ಫೋಟೊ.

ಒಟಿಪಿ ಬರುವುದು ಗಂಡನ ಅಣ್ಣ ಹುಲುಗಪ್ಪನ ಫೋನಿಗೆ. ವಿರೂಪಮ್ಮನ ಆಧಾರಿಗೆ ಕೊಟ್ಟಿದ್ದು ಮನೆಗೆಲ್ಲ ಒಂದೇ ಫೋನಿದ್ದ ಕಾಲದ ನಂಬರು. ಒಟಿಪಿಯನ್ನು ಯಾರಿಗೂ ಹೇಳಬಾರದೆಂಬ ಬ್ಯಾಂಕಿನವರ ಮಾತನ್ನು ಹುಲುಗಪ್ಪ ವ್ರತದಂತೆ ಹಿಡಿದಿದ್ದ. ಶೇಖರನಿಗೂ ತೋರಿಸದೆ, ತಾನೇ ಕೀಬೋರ್ಡಿನ ಮೇಲೆ ಬಾಗಿ, ಬೀಜ ಊರಿದಂತೆ ಒಂದೊಂದೇ ಅಂಕಿ ಒತ್ತಿದ.

ಕಡೇ ಅಂಕಿ ಬಿದ್ದದ್ದೇ ಕ್ಯಾಮೆರಾ ತೆರೆಯಿತು. ತಲೆ, ಕಿವಿ ಕಾಣಬೇಕು ಎಂದಿತು ಪರದೆ. ಭಾವನೆದುರು ಎಂದೂ ತಲೆಯಿಂದ ಇಳಿಯದ ಸೆರಗಿಗೆ ವಿರೂಪಮ್ಮನ ಕೈಯೇನೋ ಹೋಯಿತು. ಪಕ್ಕದಲ್ಲೇ ಭಾವ ಕೆಮ್ಮಿದ್ದಕ್ಕೆ ಸೆರಗು ಇನ್ನಷ್ಟು ಮುಂದೆ ಬಂತು. ಕ್ಯಾಮೆರಾ ಕಾದು ಕಾದು ಮುಚ್ಚಿಕೊಂಡಿತು.

"ಇನ್ನೆಲ್ಡು ಸರ್ತಿ ಅಷ್ಟ ಅಕ್ಕ, ಸರ್ತಿಗೊಂದು ಹೊಸಾ ಒಟಿಪಿ. ಆಮ್ಯಾಲೆ ನಾಳಿಗೇ ತಗಿಯೂದು," ಎಂದ ಶೇಖರ್.

ನಾಳೆ ಎಂಬುದು ಇರಲಿಲ್ಲ.

"ಭಾವಾರು ಹೊರಗ ಹೋಗ್ಲಿ," ಎಂದಳು ವಿರೂಪಮ್ಮ, ಮೇಜಿಗೆ ಹೇಳುವಂತೆ.

"ನಾ ಹೋದ್ರ ಒಟಿಪಿ ಯಾರು ಹೊಡೀತಾರವ್ವ? ಹೊಡದು ಹೊಂಟ್ರೂ ಈ ಮಂದಿ ದಾಟೂದ್ರಾಗ ಅದು ಕಣ್ಣು ಮುಚ್ಚತೈತಿ."

ಎರಡನೇ ಸಲ ಹುಲುಗಪ್ಪ ಗೋಡೆಯತ್ತ ತಿರುಗಿ ನಿಂತ. ಸೆರಗು ಅಲ್ಲಾಡಲಿಲ್ಲ.

"ಅವರು ನೋಡವಲ್ರಲ್ಲ, ತಗೀ ಅಕ್ಕ!"

"ನೋಡದಿದ್ರೂ ಅದಾರಲ್ಲಪ್ಪ."

ಮತ್ತೆ ಮುಚ್ಚಿತು. ಶ್ರೀಕೃತಿಯ ಬಾಯಿ ತಡೆಯಲಿಲ್ಲ. "ಇಬ್ರ ನಡುವ ಒಂದು ಮುಸುಕು ಇರಬೇಕು, ಅಷ್ಟ ಅಲ್ಲೇನ್ರಿ? ಯಾರ ಮ್ಯಾಲಿದ್ರೇನು? ಕಾಕಾರ, ನೀವ ಹಾಕ್ಕೊಳ್ರಿ."

"ಗಂಡಸ್ರು ಮುಸುಕು ಹಾಕ್ಕೊಂತಾರೇನವ್ವ?"

"ಜಲ್ದಿ ಹಾಕ್ಕೊಳ್ಳಪೋ, ಕರೆಂಟು ಹೋಗೂದ್ರಾಗ ನಮಗೂ ಪಹಣಿ ಬೇಕು," ಎಂದು ಹಿಂದಿನಿಂದ ಯಾರೋ ಕೂಗಿದರು. ಸಂದಿಯೆಲ್ಲ ನಕ್ಕಿತು.

ಮೂರನೇ ಸಲ ಹುಲುಗಪ್ಪ ಕಡೇ ಅಂಕಿ ಒತ್ತಿ, ಹೆಗಲ ಟವೆಲನ್ನು ತಲೆಯ ಮೇಲಿಂದ ಗದ್ದದವರೆಗೆ ಎಳೆದುಕೊಂಡು ನವವಧುವಿನಂತೆ ನಿಂತುಬಿಟ್ಟ. ವಿರೂಪಮ್ಮ ಒಂದು ಕ್ಷಣ ಆ ಟವೆಲನ್ನು ನೋಡಿದಳು. ಸೆರಗು ಜಾರಿಸಿದಳು. ಫೋಟೊ ಬಿತ್ತು. ಅರ್ಜಿ ಸಲ್ಲಿಕೆಯಾಗಿದೆ ಎಂದಿತು ಪರದೆ. ಶೇಖರ್ ಬಾಯಿ ತೆರೆದ. ವಿರೂಪಮ್ಮ ಬೆರಳೆತ್ತಿ ಅವನನ್ನು ಸುಮ್ಮನಾಗಿಸಿದಳು.

"ಆತೇನವ್ವ?" ಎಂದಿತು ಟವೆಲು. "ಉಸಿರು ಕಟ್ಟಾಕತ್ತೈತಿ."

ವಿರೂಪಮ್ಮ ಬರಿತಲೆಯಲ್ಲೇ ಕುರ್ಚಿಗೆ ಒರಗಿ, ಪರದೆಯ ಮೇಲಿದ್ದ ತನ್ನ ಹೆಸರನ್ನು ಇನ್ನೊಮ್ಮೆ ಓದಿಕೊಂಡಳು.

"ಇನ್ನ ಇಲ್ರಿ ಭಾವ," ಎಂದಳು. "ಸ್ವಲ್ಪ ತಡೀರಿ."