ಎರಡು ಪೆಟ್ಟಿಗೆಗಳ ನಡುವಿನ ಬಾಗಿಲು

"ಇಲ್ಲಿ ನಿಮ್ಮ ದೇವರು, ಅಲ್ಲಿ ನಿಮ್ಮ ಮಲ್ಲಿಗೆ. ಇನ್ನು ಸ್ಪೀಕರನ್ನು ನಾನೇ ತಲೆ ಮೇಲೆ ಹೊತ್ತು ನಿಲ್ಲಬೇಕಷ್ಟೆ ಮಾಷ್ಟ್ರೇ," ಎನ್ನುತ್ತ ಲೀಲಾಧರ ಅಳತೆಯ ಟೇಪನ್ನು ಸುತ್ತಿದ.

ಫೌಸ್ಟಿನ್ ನಗಲಿಲ್ಲ. ಮಣಿಪಾಲದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವನು ಆ ಕೋಣೆಯನ್ನು ಆಗಲೇ ಮನಸ್ಸಿನಲ್ಲಿ ಹಲವು ಸಲ ಅಳೆದಿದ್ದ. ಶಂಕರಪುರದ ಆ ಮನೆಯ ಚಾವಡಿಯಲ್ಲಿ ಪೂರ್ವದ ಗೋಡೆಗೆ ದೇವರ ಪೀಠ, ಆಲ್ತಾರ್. ಅದರ ಪಕ್ಕ ಹಾಡಿನ ಪೆಟ್ಟಿಗೆ ಇಡುವ ಮಾತನ್ನು ತಾಯಿ ಬರ್ತಾಬಾಯಿಯ ಎದುರು ಎತ್ತುವಂತಿಲ್ಲ. ಕಿಟಕಿಯ ಕೆಳಗೆ ಬೆಳಗಿನಿಂದ ಹೂ ಕಟ್ಟುವ ಕೆಲಸ, ಒದ್ದೆ ಬಾಳೆನಾರು, ನೀರು ಚಿಮುಕಿಸಿದ ಮೊಗ್ಗು. ಬೀದಿಯ ಕಡೆ ಮುಂಬಾಗಿಲು. ಉಳಿದದ್ದು ಒಂದು ಗೋಡೆ. ಅದರ ನಡುವೆ ತಂಗಿ ಡುಲ್ಸಿನಳ ಕೋಣೆಯ ಬಾಗಿಲು. ಅವಳು ತೀರಿಕೊಂಡ ಮೇಲೆ ಮುಚ್ಚಿದ್ದು ಮುಚ್ಚಿಯೇ ಇತ್ತು.

ಹಡಗಿನಲ್ಲಿ ಕೆಲಸಕ್ಕಿದ್ದ ತಮ್ಮ ಮ್ಯಾಕ್ಸಿಮ್ ಸ್ಟೀರಿಯೊ ಪ್ಲೇಯರನ್ನೂ ಆಂಪ್ಲಿಫೈಯರನ್ನೂ ತಂದು ಕೊಟ್ಟುಹೋಗಿದ್ದ. ಸ್ಪೀಕರ್ ಮಾತ್ರ ಇಲ್ಲಿಯೇ ಆಗಬೇಕಿತ್ತು. ಲೀಲಾಧರನ ಉಡುಪಿಯ ಅಂಗಡಿಯಲ್ಲಿ ಎರಡು ಬಗೆ: ನೆಲದ ಮೇಲೆ ನಿಲ್ಲುವ ಕಪಾಟಿನಂಥವು, ಗೋಡೆಗೆ ತೂಗುಹಾಕುವ ಸಣ್ಣವು.

"ದೊಡ್ಡದಕ್ಕೆ ದಮ್ಮು ಉಂಟು. ಆದರೆ ಅದಕ್ಕೆ ಎರಡು ಮೂಲೆ ಬೇಕು. ಒಂದು ಮೂಲೆಯಲ್ಲಿ ಬಾಯಮ್ಮನ ಮಂಚ ಉಂಟಲ್ಲ, ಎಂತ ಮಾಡುದು? ಸಣ್ಣದಾದರೆ ಬಾಗಿಲಿನ ಎಡಕ್ಕೆ ಒಂದು, ಬಲಕ್ಕೆ ಒಂದು. ಬಾಗಿಲು ತೆಗೆಯಲಿಕ್ಕೆ ಅಡ್ಡ ಆಗ್ತದಾ?"

"ಅದನ್ನು ಯಾರೂ ತೆಗೆಯುವುದಿಲ್ಲ."

ಲೀಲಾಧರ ಬಾಗಿಲನ್ನೊಮ್ಮೆ ನೋಡಿ, "ಹಾಗಾದರೆ ಸಣ್ಣದೇ ಆಗಲಿ," ಎಂದ.

ಡುಲ್ಸಿನ್ ಇಗರ್ಜಿಯಲ್ಲಿ ಹಾಡುತ್ತಿದ್ದವಳು. ಹಾಸಿಗೆ ಹಿಡಿದ ಮೇಲೂ, ಸಂಜೆಯ ಜಪಮಾಲೆಯ ಪ್ರಾರ್ಥನೆ ತೇರ್ಸ್ ಮುಗಿದು ಕಿರಿಯರು ಹಿರಿಯರ ಎದುರು ಕೈಮುಗಿದು ಬೆಸಾಂವ್ ಕೇಳುವ ಹೊತ್ತಿಗೆ, ಒಳಗಿನಿಂದಲೇ ಕೂಗಿ ಕೇಳುತ್ತಿದ್ದಳು. ಬರ್ತಾಬಾಯಿ ಹೊಸ್ತಿಲಲ್ಲಿ ನಿಂತು ಗಾಳಿಯಲ್ಲಿ ಶಿಲುಬೆ ಬರೆದು ಆಶೀರ್ವಾದ ಮಾಡುವಳು. ಕೊನೆಯ ಸಂಜೆ ಮಾತ್ರ ಮಗಳು ಔಷಧಿಯ ಮಂಪರಿನಲ್ಲಿದ್ದಳು. ಎಬ್ಬಿಸುವುದು ಬೇಡವೆಂದು ಬಾಗಿಲು ಎಳೆದವನು ಫೌಸ್ಟಿನ್. ಬೆಸಾಂವ್ ಇಲ್ಲದೆ ಮಲಗಿದವಳು ಬೆಳಗಾಗುವಾಗ ಇರಲಿಲ್ಲ. ಅಂದಿನಿಂದ ತೇರ್ಸ್ ಮುಗಿದೊಡನೆ ತಾಯಿಯ ಬಲಗೈ ಆ ಬಾಗಿಲ ಕಡೆಗೆ ಏಳುತ್ತಿತ್ತು. ಅರ್ಧಕ್ಕೆ ನಿಂತು ಕೆಳಗಿಳಿಯುತ್ತಿತ್ತು. ಆ ಕೈಯನ್ನು ನೋಡಲಾಗದೆಯೇ ಅವನು ಮನೆಯಲ್ಲಿ ಒಂದಿಷ್ಟು ಹಾಡು ಇರಲಿ ಎಂದುಕೊಂಡದ್ದು.

ಲೀಲಾಧರ ಪೆಟ್ಟಿಗೆಗಳನ್ನು ತೂಗುಹಾಕಿ ಬಸ್ಸು ಹಿಡಿಯಲು ಓಡಿದ ಮೇಲೆ ಫೌಸ್ಟಿನ್ ಮ್ಯಾಕ್ಸಿಮ್ ತಂದ ಹಾಡಿನ ಪ್ಲೇಟುಗಳಲ್ಲೊಂದನ್ನು ಹಾಕಿದ. ಗೊತ್ತಿಲ್ಲದ ಭಾಷೆಯಲ್ಲಿ ಹೆಣ್ಣೊಬ್ಬಳು ಒಂಟಿಯಾಗಿ ಹಾಡುತ್ತಿದ್ದಳು. ಸ್ವರ ಮಲ್ಲಿಗೆಯ ಗಂಧದ ಹಾಗೆ ಕೋಣೆಯಿಡೀ ಹಬ್ಬಿತ್ತು, ಆದರೆ ಇಂಥಲ್ಲಿಂದ ಎಂದು ಹೇಳುವಂತಿರಲಿಲ್ಲ. ಅವನಿಗೆ ತಪ್ಪು ಬೇಗನೆ ಹೊಳೆಯಿತು. ಅವಸರದಲ್ಲಿ ಲೀಲಾಧರ ಒಂದು ಪೆಟ್ಟಿಗೆಯ ವಯರುಗಳನ್ನು ಅದಲುಬದಲು ಮಾಡಿದ್ದ. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಅದನ್ನು ಸರಿಪಡಿಸಿ, ಎರಡಕ್ಕೂ ಸಮದೂರದ ಜಾಗ ಹುಡುಕಿ, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ ನಿಂತ.

ಚದುರಿದ್ದ ಸ್ವರ ಒಟ್ಟುಗೂಡಿತು. ಎಡದಿಂದಲ್ಲ, ಬಲದಿಂದಲ್ಲ, ನೇರ ಬಾಗಿಲಿನಿಂದ, ಹುಡುಗಿಯೊಬ್ಬಳು ನಿಂತು ಹಾಡುವ ಎತ್ತರದಿಂದ ಬಂತು. ಹೀಗೆಯೇ ಆಗುವುದೆಂದು ಅವನು ಓದಿದ್ದ. ಆದರೂ ತೋಳಿನ ರೋಮ ನಿಮಿರಿತು.

ಬರ್ತಾಬಾಯಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಒಳಗೆ ಯಾರು?"

"ಯಾರೂ ಇಲ್ಲ ಮಾಂಯ್. ಎರಡೂ ಪೆಟ್ಟಿಗೆಯಿಂದ ಒಂದೇ ಸಮ ಬಂದರೆ, ನಡುವಿನಿಂದ ಬಂದ ಹಾಗೆ ಕಿವಿಗೆ ಅನಿಸ್ತದೆ."

ಅವಳು ಗುರುತಿನ ಮೇಲೆ ನಿಂತಳು. ಒಂದು ಹೆಜ್ಜೆ ಪಕ್ಕಕ್ಕಿಟ್ಟಳು. ಸ್ವರ ಆ ಬದಿಯ ಪೆಟ್ಟಿಗೆಗೆ ಜಾರಿತು. ಗಾಬರಿಯಿಂದ ಹಿಂದಕ್ಕೆ ಬಂದಳು, ಬಾಗಿಲಿಗೆ ಮರಳಿತು.

"ನಾನು ಅಲ್ಲಾಡಿದರೆ ಇವಳು ಹೋಗ್ತಾಳೆ," ಎಂದಳು ಮೆಲ್ಲಗೆ.

ಆಮೇಲೆ ಅವಳ ಕುರ್ಚಿ ಆ ಗುರುತಿನ ಮೇಲೆಯೇ. ಪ್ಲೇಟಿನ ಮೇಲೆ ಮುಳ್ಳು ಇಡುವುದನ್ನೂ ತಾನೇ ಕಲಿತಳು. ಬಡಿಸಿದ ಗಂಜಿ ಆರುತ್ತಿತ್ತು. "ಎಂತ ಬಾಯಮ್ಮ, ನಿಮ್ಮ ಮೊಗ್ಗು ಬುಟ್ಟಿಯಲ್ಲೇ ಅರಳಿತಲ್ಲ! ಇದನ್ನು ಯಾರು ತಗೊಳ್ತಾರೆ, ನನ್ನ ಎಮ್ಮೆಯಾ?" ಎಂದು ಹೂ ಕಟ್ಟಲು ಬರುವ ಸುಂದರಿ ಕೆಣಕಿದರೂ ಬರ್ತಾಬಾಯಿ ಕತ್ತು ತಿರುಗಿಸಲಿಲ್ಲ. ತಿರುಗಿಸಿದರೆ ಸ್ವರ ಸರಿಯುತ್ತದೆಂಬ ಭಯ. ಸಂಜೆ ಕೈ ಮಾತ್ರ ಹಿಂದಿನ ಹಾಗೆಯೇ ಅರ್ಧಕ್ಕೆ ನಿಲ್ಲುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ, ಅವಳು ಮಲಗಿದ್ದಾಳೆಂದು ನಂಬಿ, ಫೌಸ್ಟಿನ್ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಹಿಂದೆ ಕೈಹಾಕಿದ.

"ಎಂತ ಮಾಡ್ತಿ, ಪುತಾ?"

ಮಂಚದಿಂದ ಅವಳು ನೋಡುತ್ತಿದ್ದಳು. ಅವನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಈ ಎರಡು ವಯರು ಬದಲಿಸಿದರೆ ಅವಳು ಬಾಗಿಲಲ್ಲಿ ಇರುವುದಿಲ್ಲ, ಮಾಂಯ್."

"ಎಲ್ಲಿಗೆ ಹೋಗ್ತಾಳೆ?"

"ಎಲ್ಲ ಕಡೆ."

ಅವಳು ಮಂಚದಲ್ಲಿ ಎದ್ದು ಕೂತಳು. "ಸಂಜೆವರೆಗೆ ಇರಲಿ," ಎಂದಳು. "ತೇರ್ಸ್ ಆಗಲಿ."

ಸಂಜೆ ತೇರ್ಸ್ ಮುಗಿಯಿತು. ಫೌಸ್ಟಿನ್ ಕೈಮುಗಿದು ಬೆಸಾಂವ್ ಪಡೆದ ಮೇಲೆ ಅವಳು ಪ್ಲೇಟು ಹಾಕಲು ಸನ್ನೆ ಮಾಡಿ, ಗುರುತಿನ ಮೇಲೆ ಹೋಗಿ ನಿಂತಳು. ಬಾಗಿಲು ಹಾಡತೊಡಗಿತು. ಅವಳ ಕೈ ಎದ್ದಿತು; ಅರ್ಧದಲ್ಲಿ ನಿಂತಿತು; ಮತ್ತೆ ಮೇಲಕ್ಕೆ ಹೋಗಿ ಗಾಳಿಯಲ್ಲಿ ನಿಧಾನವಾಗಿ ಶಿಲುಬೆ ಬರೆಯಿತು. "ದೇವರು ಒಳ್ಳೆಯದು ಮಾಡಲಿ, ಬಾಯೆ. ಮಲಗು."

ಮತ್ತೆ ಮಗನತ್ತ ತಿರುಗಿ, "ಈಗ ಬದಲಿಸು," ಎಂದಳು.

ಅವನು ಮುಳ್ಳು ಎತ್ತಿ, ವಯರು ಬದಲಿಸಿ, ಮತ್ತೆ ಇಟ್ಟ. ಸ್ವರ ಬಾಗಿಲನ್ನು ಬಿಟ್ಟು ಆಲ್ತಾರಿನ ದೀಪದ ಹತ್ತಿರ, ಕಿಟಕಿಯ ಹತ್ತಿರ, ಖಾಲಿ ಹೂಬುಟ್ಟಿಯ ಮೇಲೆ ಹರಡಿಕೊಂಡಿತು. ಬರ್ತಾಬಾಯಿ ಕುರ್ಚಿಯನ್ನು ಗೋಡೆಗೆ ಸರಿಸಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. "ಊಟಕ್ಕೆ ಬಾ, ಪುತಾ."

"ಬಂದೆ," ಎಂದ ಫೌಸ್ಟಿನ್. ಅವನು ಸೀಮೆಸುಣ್ಣದ ಗುರುತಿನ ಮೇಲೆ ನಿಂತಿದ್ದ. ಸ್ವರವನ್ನು ಹುಡುಕುತ್ತ ತಲೆಯನ್ನು ತುಸು ಎಡಕ್ಕೆ ವಾಲಿಸಿದ, ತುಸು ಬಲಕ್ಕೆ ವಾಲಿಸಿದ. ಕಣ್ಣು ಮಾತ್ರ ಆ ಕೊನೆಯ ಸಂಜೆ ತಾನೇ ಎಳೆದಿದ್ದ ಬಾಗಿಲ ಮೇಲಿತ್ತು.